ಅಪ್‌ಡೇಟ್: ಮಗಳನ್ನು ನೋಡಲು ಮುರುಡೇಶ್ವರಕ್ಕೆ ಹೋಗಿ ಬಂದೆ

ಮಗಳು ಬ್ಯಾಂಕ್ ಕೆಲಸ ಬಿಟ್ಟು ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು) ಕಲಿಸ್ತಾಳೆ, ಎರಡು ವರ್ಷದಿಂದ ಮಾತಿಲ್ಲ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ. ಒಮ್ಮೆ ಹೋಗಿ ನೋಡಿ ಅಂದಿರಿ. ಹೋದೆ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರ ದಾಟುವವರೆಗೂ ಬೈಗುಳವನ್ನೇ ಬಾಯಿಪಾಠ ಮಾಡುತ್ತಿದ್ದೆ. (ತೋಟದ ಕೆರೆಗೂ ಅವಳನ್ನು ಇಳಿಯಲು ಬಿಟ್ಟವನಲ್ಲ ನಾನು.)

ಅವಳು ಜಾಸ್ತಿ ಮಾತಾಡಲಿಲ್ಲ. ದೋಣಿ ಹತ್ತಿಸಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದಳು. ನನಗೆ ದಾರಿಯಿಡೀ ವಾಂತಿ. ಅವಳು ಒಬ್ಬೊಬ್ಬರ ಸಿಲಿಂಡರ್‌ನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಮುಳ್ಳು ನೋಡಿದಳು, ಬೆಲ್ಟ್ ಎಳೆದು ನೋಡಿದಳು. ಉಸಿರು ಬಿಗಿಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದಂತೆ. ಅದಕ್ಕೇ ಉಸಿರಾಡುತ್ತಲೇ ಇರಬೇಕು, ನಿಧಾನವಾಗಿ ಏರಬೇಕು. ಒಬ್ಬ ಹುಡುಗನಿಗೆ ಇದನ್ನೇ ನಾಲ್ಕು ಸಲ ಹೇಳಿದಳು. ಅವನ ನಡುಕ ನಿಲ್ಲಲಿಲ್ಲ. ದುಡ್ಡು ಕೊಟ್ಟಿದ್ದೇನೆ ಅಂದರೂ ಅವನನ್ನು ಇಳಿಸಲೇ ಇಲ್ಲ. ಬೈಗುಳ ಮರೆತದ್ದು ಅಲ್ಲೇ.

ನನ್ನ ಹೆದರಿಕೆ ಹೋಗಿದೆಯಾ? ಇಲ್ಲ. ಆದರೆ ಕೆಲಸ ಬಿಡು ಅಂತ ಇನ್ನು ಕೇಳುವುದಿಲ್ಲ. ಹೊರಡುವಾಗ "ಅಪ್ಪಯ್ಯ, ಹೆದರಡ" ಅಂದಳು. ಮಳೆಗಾಲದಲ್ಲಿ ಡೈವಿಂಗ್ ಬಂದ್, ಆಗ ಮನೆಗೆ ಬರ್ತಾಳಂತೆ. ಹೆಂಡತಿ ಈಗಲೇ ಹಲಸಿನ ಹಪ್ಪಳ ತೆಗೆದಿಟ್ಟಾಗಿದೆ.