ಮಗಳಿಗೆ "ಓಕೆ" ಅಂತ ಬರೆದು ಫುಲ್‌ಸ್ಟಾಪ್ ಇಟ್ಟೆ, ಸಿಟ್ಟಾ ಅಂತ ಕೇಳಿದಳು. ಯಾಕೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಇದ್ದೀರಿ, ಈಗಿನ ಕಾಲೇಜು ಹುಡುಗರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಶುಕ್ರವಾರ ರಾತ್ರಿ ಬಸ್ಸು ಹತ್ತುವವಳಿದ್ದಳು. ಟಿಕೆಟ್ ಸಿಗಲಿಲ್ಲ, ಮುಂದಿನ ವಾರ ಬರ್ತೀನಿ ಅಂತ ಮೆಸೇಜ್ ಮಾಡಿದಳು. ನಾನು ಅಕ್ಕಿ ರೊಟ್ಟಿ ತಟ್ಟುತ್ತಾ ಇದ್ದೆ. ಕೈ ಒರೆಸಿಕೊಂಡು ಇಂಗ್ಲಿಷಿನಲ್ಲಿ "ಓಕೆ" ಅಂತ ಬರೆದು, ಕೊನೆಗೆ ಫುಲ್‌ಸ್ಟಾಪ್ ಇಟ್ಟು ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು. "ಅಮ್ಮಾ, ಸಿಟ್ಟು ಬಂತಾ? ನಿಜವಾಗ್ಲೂ ಟಿಕೆಟ್ ಇರ್ಲಿಲ್ಲ." ಸಿಟ್ಟು ಎಲ್ಲಿತ್ತೇ ಅಂತ ಕೇಳಿದರೆ, ಆ ಚುಕ್ಕಿ ನೋಡಿ ಹೆದರಿಕೆ ಆಯ್ತು ಅಂದಳು.

ನಾನು 1984ರಲ್ಲಿ ಶಿವಮೊಗ್ಗದಲ್ಲಿ ಟೈಪಿಂಗ್ ಕಲಿತವಳು. ವಾಕ್ಯ ಮುಗಿದರೆ ಫುಲ್‌ಸ್ಟಾಪ್, ಅದಾದ ಮೇಲೆ ಸ್ಪೇಸ್ ಬಾರ್ ಎರಡು ಸಲ. ಚುಕ್ಕಿ ಬಿಟ್ಟರೆ ಮಾರ್ಕ್ಸ್ ಹೋಗುತ್ತಿತ್ತು. ಇವತ್ತಿಗೂ ಫೋನಿನಲ್ಲಿ ಹೆಬ್ಬೆರಳು ತಾನಾಗಿಯೇ ಚುಕ್ಕಿಯ ಕಡೆ ಹೋಗುತ್ತದೆ. ಅದು ಯಾವಾಗ ಸಿಟ್ಟಿನ ಗುರುತಾಯ್ತು?

ಎರಡನೇದು. ನಮ್ಮ ಮನೆಯವರ ಷಷ್ಟಿಪೂರ್ತಿಯಲ್ಲಿ ಅವರು ಮೊಮ್ಮಗನ ಜೊತೆ ಕುಣಿದ ವಿಡಿಯೊ ಹಾಕಿದ್ದೆ. ತಂಗಿಯ ಮಗಳು ಅದರ ಕೆಳಗೆ "ಐ ಆ್ಯಮ್ ಡೆಡ್" ಅಂತ ಬರೆದು ಮೂರು ತಲೆಬುರುಡೆ ಚಿತ್ರ ಹಾಕಿದ್ದಾಳೆ. ನಮ್ಮ ಅತ್ತೆಗೆ 84 ವರ್ಷ. ಮೊಮ್ಮಗ ಓದಿ ಹೇಳಿದ್ದನ್ನು ಕೇಳಿ, ಶುಭ ದಿನ ಸಾವಿನ ಮಾತು ಯಾಕೆ ಬಂತು ಅಂತ ಊಟ ಮಾಡುವಾಗಲೂ ಅದನ್ನೇ ಹೇಳುತ್ತಿದ್ದರು.

ಮೂರನೇದು ವ್ಯಾಕರಣದ್ದು. ನಮ್ಮ ಬಡಾವಣೆಯ ಸಂಘದ ನೋಟಿಸಿನಲ್ಲಿ "ಪಾರ್ಕ್ ಅಂಡ್ ಇಟ್ಸ್ ಗೇಟ್" ಅಂತ ಬರೆಯುವಾಗ ನಾನು ಅಪಾಸ್ಟ್ರಫಿ ಹಾಕಿದೆ. ಪಕ್ಕದ ಮನೆಯ ಹುಡುಗ ತಪ್ಪು ಆಂಟಿ ಅಂದ. "ಡಾಗ್ಸ್ ಟೇಲ್" ಅಂತ ಬರೆದರೆ ಅಪಾಸ್ಟ್ರಫಿ ಬೇಕು. ಅದೇ ನಾಯಿಯನ್ನು "ಇಟ್" ಅಂದ ತಕ್ಷಣ ಬೇಡವಾ? ಬಾಲ ಅದೇ, ನಾಯಿನೂ ಅದೇ ಅಲ್ವಾ?

ದಯವಿಟ್ಟು ಬಿಡಿಸಿ ಹೇಳಿ.

ಕರಡು ನೋಡುವವ:

ಮೇಡಂ, ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು, ಚುಕ್ಕಿಯ ಪರವಾಗಿಯೇ ಮಾತಾಡಬೇಕಾದವನು. ಆದರೂ ನಿಮ್ಮ ಮಗಳ ಮಾತಿನಲ್ಲಿ ಸತ್ಯ ಇದೆ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 126 ವಿದ್ಯಾರ್ಥಿಗಳಿಗೆ ಮೆಸೇಜ್‌ಗಳನ್ನು ತೋರಿಸಿದರು. ಒಬ್ಬರು ಎಲ್ಲಿಗೋ ಕರೆಯುತ್ತಾರೆ, ಇನ್ನೊಬ್ಬರು ಒಂದೇ ಪದದಲ್ಲಿ ಉತ್ತರ ಕೊಡುತ್ತಾರೆ, ಅಷ್ಟೇ. ಆ ಒಂದು ಪದದ ಮುಂದೆ ಫುಲ್‌ಸ್ಟಾಪ್ ಇದ್ದರೆ ಮನಸ್ಸಿಟ್ಟು ಹೇಳಿದ ಮಾತಲ್ಲ ಅಂತ ಓದಿದವರಿಗೆ ಅನ್ನಿಸಿತು. ಅದೇ ಉತ್ತರವನ್ನು ಚೀಟಿಯಲ್ಲಿ ಕೈಯಿಂದ ಬರೆದು ತೋರಿಸಿದಾಗ ಚುಕ್ಕಿ ಇದ್ದರೂ ಇಲ್ಲದಿದ್ದರೂ ಏನೂ ವ್ಯತ್ಯಾಸ ಆಗಲಿಲ್ಲ. ಅಂದರೆ ಚುಕ್ಕಿ ಕೆಟ್ಟಿಲ್ಲ, ಜಾಗ ಬದಲಾಗಿದೆ.

ಪತ್ರದಲ್ಲಿ ವಾಕ್ಯ ಮುಗಿಯಿತು ಅಂತ ತೋರಿಸಲು ಚುಕ್ಕಿ ಬೇಕೇ ಬೇಕು. ಮೆಸೇಜಿನಲ್ಲಿ ಕಳಿಸುವ ಗುಂಡಿ ಒತ್ತಿದರೆ ವಾಕ್ಯ ಮುಗಿದೇ ಹೋಯಿತು. ಅದರ ಮೇಲೂ ಚುಕ್ಕಿ ಇಟ್ಟರೆ, ಇದು ಬೇಕಂತಲೇ ಇಟ್ಟಿದ್ದು, ಇನ್ನು ಮಾತು ಬೇಡ ಅನ್ನುತ್ತಿದ್ದಾರೆ ಅಂತ ಮಕ್ಕಳು ಓದಿಕೊಳ್ಳುತ್ತಾರೆ.

ನಮ್ಮ ಭಾಷೆಯಲ್ಲಿ ಇದು ಯಾಕೆ ತಿಳಿಯುವುದಿಲ್ಲ ಅಂದರೆ, ದನಿ ನಮ್ಮ ಪದದ ಬಾಲದಲ್ಲೇ ಇದೆ. "ಆಯ್ತು" ಅಂದರೆ ಒಂದು, "ಆಯ್ತಮ್ಮಾ" ಅಂದರೆ ಇನ್ನೊಂದು, "ಆಯ್ತು ಕಣೇ" ಅಂದರೆ ಮತ್ತೊಂದು, "ಆಯ್ತು ಮಾರಾಯ್ತಿ" ಅಂದರೆ ಸ್ವಲ್ಪ ಸಾಕಾಗಿದೆ ಅಂತ. ಕಣೇ, ಕಣೋ, ರೀ, ಮಾರಾಯ ಇವೆಲ್ಲ ಸಿಟ್ಟಿದೆಯೋ ಅಕ್ಕರೆ ಇದೆಯೋ ಅಂತ ಹೇಳಿಬಿಡುತ್ತವೆ. ಇಂಗ್ಲಿಷಿನ "ಓಕೆ"ಗೆ ಅಂಥ ಬಾಲ ಇಲ್ಲ. ಹಾಗಾಗಿ ಅವರು ಚುಕ್ಕಿಯಲ್ಲಿ, ಎರಡು ಸಲ ಬರೆದ ಅಕ್ಷರದಲ್ಲಿ, ನಗುಮುಖದಲ್ಲಿ ದನಿ ಹುಡುಕುತ್ತಾರೆ. ನೀವು "ಓಕೆ ಕಣೇ" ಅಂತ ಬರೆದು ಹತ್ತು ಚುಕ್ಕಿ ಇಟ್ಟಿದ್ದರೂ ಮಗಳು ಹೆದರುತ್ತಿರಲಿಲ್ಲ.

ಜಯನಗರದ ಹುಡುಗ:

ಆಂಟಿ, ಎರಡನೇದಕ್ಕೆ ನಾನು ಹೇಳ್ತೀನಿ. ಅಜ್ಜಿಗೆ ಮೊದಲು ಸಮಾಧಾನ ಮಾಡಿ, ಅದು ಸಾವಿನ ಮಾತಲ್ಲವೇ ಅಲ್ಲ. ನಾವು "ನಕ್ಕು ನಕ್ಕು ಸತ್ತೆ" ಅಂತೀವಲ್ಲ, ಅದರಲ್ಲಿ ನಗೋದನ್ನು ಬಿಟ್ಟು ಬರೀ "ಸತ್ತೆ" ಅಂತ ಉಳಿಸಿಕೊಂಡಿದ್ದಾರೆ. ತಲೆಬುರುಡೆ ಅಂದರೆ ಈಗ ಜೋರು ನಗು. ಅಂಕಲ್ ಕುಣಿದಿದ್ದು ಅವಳಿಗೆ ತುಂಬಾ ಇಷ್ಟ ಆಗಿದೆ.

ಇಂಥದ್ದು ಇನ್ನೂ ಇವೆ. "ಶಿ ಏಟ್" ಅಂತ ಬರೆದರೆ ಏನೋ ತಿಂದಳು ಅಂತಲ್ಲ, ಅದ್ಭುತವಾಗಿ ಮಾಡಿದಳು ಅಂತ. "ಕ್ಯಾಪ್" ಅಂದರೆ ಸುಳ್ಳು, "ನೋ ಕ್ಯಾಪ್" ಅಂದರೆ ಓಳು ಬಿಡ್ತಿಲ್ಲ, ನಿಜ ಹೇಳ್ತಿದೀನಿ ಅಂತ. "ರಿಜ್" ಅಂದರೆ ಎದುರಿನವರನ್ನು ಮಾತಲ್ಲೇ ಸೆಳೆಯೋ ಶಕ್ತಿ. ಕರಿಸ್ಮಾ ಅನ್ನೋ ಪದದ ನಡುವಿನ ತುಂಡು ಅದು. 2023ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. ಇವುಗಳಲ್ಲಿ ಎಷ್ಟೋ ಮಾತು ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದಿರೋದು. ಅವರ ಕೇರಿಯಲ್ಲಿ ಹುಟ್ಟಿದ್ದು ಫೋನಿನಲ್ಲಿ ಹತ್ತಿ ಇಡೀ ಲೋಕ ಸುತ್ತುತ್ತಿದೆ, ಅದನ್ನು ಹೇಳಲೇಬೇಕು.

ಕನ್ನಡದಲ್ಲೂ ಅಷ್ಟೇ ಅಲ್ವಾ ಆಂಟಿ. "ಚಿಂದಿ" ಅಂದರೆ ಹರಕು ಬಟ್ಟೆ, ಆದರೆ ಸಿನಿಮಾ ಚಿಂದಿಯಾಗಿದೆ ಅಂದರೆ ಸೂಪರ್. "ಬೆಂಕಿ" ಅಂದರೂ ಹೊಗಳಿಕೆ. ನನ್ನ ಅಜ್ಜ ಒಂದು ಸಲ ನಾನು "ಅವನ ಬ್ಯಾಟಿಂಗ್ ಬೆಂಕಿ" ಅಂದಿದ್ದಕ್ಕೆ ಎಲ್ಲಿ ಅಂತ ಎದ್ದು ನಿಂತಿದ್ದರು.

ಇನ್ನೊಂದು ಕೇಳಿದರೆ ಗಾಬರಿ ಆಗಬೇಡಿ. ಮಕ್ಕಳು ಸುಮ್ನೆ "ಸಿಕ್ಸ್ ಸೆವೆನ್" ಅಂತ ಕೂಗಿ ಎರಡೂ ಅಂಗೈಯನ್ನು ತಕ್ಕಡಿ ಥರ ಮೇಲೆ ಕೆಳಗೆ ಆಡಿಸಿದರೆ ಅದಕ್ಕೆ ಅರ್ಥ ಹುಡುಕಬೇಡಿ. ಅದಕ್ಕೆ ಇಂಥದ್ದೇ ಅನ್ನೋ ಅರ್ಥ ಇಲ್ಲ. 2025ರಲ್ಲಿ ಡಿಕ್ಷನರಿ ಡಾಟ್ ಕಾಮ್ ಅದನ್ನು ವರ್ಷದ ಪದ ಮಾಡಿತು. ನನ್ನ ತಮ್ಮ ಲೆಕ್ಕದ ಪುಸ್ತಕದಲ್ಲಿ 67ನೇ ಪುಟ ಬಂದಾಗ ಇಡೀ ಕ್ಲಾಸು ಕೂಗಿತು ಅಂತ ಹೇಳಿದ.

ಹುಬ್ಬಳ್ಳಿ ಮಾಸ್ತರ:

ಅಕ್ಕಾರ, ನಿಮ್ಮ ನಾಯಿಬಾಲದ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಇದನ್ನು ಕೇಳುವ ಹುಡುಗ ಸಿಕ್ಕರೆ ಆ ದಿನ ನನಗೆ ಹಬ್ಬ.

ಲೋಪಸಂಧಿ ನೆನಪಿದೆಯಲ್ಲ. ಊರು ಮತ್ತು ಊರು ಸೇರಿ ಊರೂರು ಆಗುತ್ತದೆ, ನಡುವಿನ ಉಕಾರ ಬಿದ್ದುಹೋಗುತ್ತದೆ. ನಾವು ಬಿದ್ದ ಅಕ್ಷರಕ್ಕೆ ಗುರುತು ಇಡುವುದಿಲ್ಲ. ಇಂಗ್ಲಿಷಿನವರು ಇಡುತ್ತಾರೆ. "ಇಟ್ ಈಸ್" ಅನ್ನುವುದು ಕೂಡಿಕೊಂಡಾಗ ಐ ಅಕ್ಷರ ಬಿತ್ತು, ಅದು ಬಿದ್ದ ಜಾಗದಲ್ಲಿ ಒಂದು ಅಪಾಸ್ಟ್ರಫಿ ನಿಂತಿತು. "ಡಾಗ್ಸ್ ಟೇಲ್" ಅನ್ನುವುದರಲ್ಲೂ ಕಥೆ ಇದೇ. ಹಳೆಯ ಇಂಗ್ಲಿಷಿನಲ್ಲಿ ಎಷ್ಟೋ ಪದಗಳ ಷಷ್ಠೀ ವಿಭಕ್ತಿ ಇ ಮತ್ತು ಎಸ್ ಸೇರಿ ಆಗುತ್ತಿತ್ತು. ಆ ಇ ಬಿದ್ದುಹೋದ ಜಾಗವನ್ನೇ ಈಗಿನ ಗುರುತು ತೋರಿಸುತ್ತದೆ.

ಹಾಗಾದರೆ ನಾಯಿಯನ್ನು "ಇಟ್" ಅಂದಾಗ ಯಾಕಿಲ್ಲ? ಅದು ಸರ್ವನಾಮ. ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್, ಈ ಗುಂಪಿನಲ್ಲಿ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. "ಇಟ್ಸ್" ಕೂಡ ಅದೇ ಮನೆಯ ಕೂಸು. ಹಿಸ್ ಅನ್ನುವುದಕ್ಕೆ ನೀವು ಎಂದೂ ಗುರುತು ಹಾಕಿಲ್ಲವಲ್ಲ, ಹಾಗೇ ಇದಕ್ಕೂ ಹಾಕಬೇಡಿ. ಬರೆಯುವಾಗ ಅನುಮಾನ ಬಂದರೆ ಕನ್ನಡದಲ್ಲಿ ಅಂದುಕೊಳ್ಳಿ. "ಅದರ" ಅಂತ ಬಂದರೆ ಗುರುತು ಬೇಡ. "ಅದು" ಅಂತ ಬಂದರೆ ಗುರುತು ಬೇಕು. ಪಾರ್ಕು ಮತ್ತು ಅದರ ಗೇಟು, ಆದ್ದರಿಂದ ಬೇಡ.

ಆದರೆ ನೀವು ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಹಿಂದೆ ದೊಡ್ಡ ದೊಡ್ಡವರೂ ಹೀಗೇ ಬರೆಯುತ್ತಿದ್ದರು. 1787ರ ಅಮೆರಿಕದ ಸಂವಿಧಾನದ ಕೈಬರಹದ ಮೂಲ ಪ್ರತಿ ಇದೆಯಲ್ಲ, ಅದರ ಮೊದಲ ವಿಧಿಯ ಹತ್ತನೇ ಭಾಗದಲ್ಲಿ ರಾಜ್ಯದ ತಪಾಸಣೆ ಕಾನೂನುಗಳ ಮಾತು ಬರುತ್ತದೆ. ಅಲ್ಲಿ "ಅದರ" ಅನ್ನುವ ಅರ್ಥದ ಇಟ್ಸ್‌ಗೆ ಅಪಾಸ್ಟ್ರಫಿ ಇದೆ. ನಿಮ್ಮ ನೋಟಿಸಿನಲ್ಲಿ ಇದ್ದ ಹಾಗೇ.

ದೂರದೂರಿನವ:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಕಾಮಾದ ಮಾತು ಇನ್ನೂ ಯಾರೂ ಎತ್ತಿಲ್ಲ ಅಂತ ಬರೆಯುತ್ತಿದ್ದೇನೆ. ನಾನಿರೋದು ಬಾಸ್ಟನ್ನಿನಲ್ಲಿ. ಇಲ್ಲಿನ ಮೇಲ್ಮನವಿ ನ್ಯಾಯಾಲಯದಲ್ಲಿ 2017ರ ಮಾರ್ಚಿನಲ್ಲಿ ಒಂದು ತೀರ್ಪು ಬಂತು. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಓಕ್‌ಹರ್ಸ್ಟ್ ಡೈರಿಯ ಹಾಲಿನ ಲಾರಿ ಚಾಲಕರು ಓವರ್‌ಟೈಮ್ ದುಡ್ಡು ಕೇಳಿ ಹೋಗಿದ್ದರು. ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಅಂತ ಆ ರಾಜ್ಯದ ಕಾನೂನಿನಲ್ಲಿ ಒಂದು ಪಟ್ಟಿ ಇತ್ತು. ಡಬ್ಬಿಗೆ ತುಂಬುವುದು, ಒಣಗಿಸುವುದು, ದಾಸ್ತಾನು ಇಡುವುದು ಹೀಗೆ ಹೋಗಿ ಕೊನೆಗೆ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಅಂತ ನಿಲ್ಲುತ್ತಿತ್ತು. "ಆರ್" ಅನ್ನುವುದಕ್ಕೆ ಮುಂಚೆ ಕಾಮಾ ಇರಲಿಲ್ಲ.

ಈಗ ನೋಡಿ. ಸಾಗಿಸಲಿಕ್ಕೋ ಹಂಚಲಿಕ್ಕೋ ಪ್ಯಾಕ್ ಮಾಡುವುದು ಅಂತ ಓದಿದರೆ ಅದು ಒಂದೇ ಕೆಲಸ, ಪ್ಯಾಕ್ ಮಾಡುವುದು. ಚಾಲಕರು ಪ್ಯಾಕ್ ಮಾಡುವುದಿಲ್ಲ, ಹಾಗಾಗಿ ಅವರಿಗೆ ದುಡ್ಡು ಬರಬೇಕು. ಸಾಗಿಸಲು ಪ್ಯಾಕ್ ಮಾಡುವುದು ಒಂದು, ಹಂಚುವುದು ಇನ್ನೊಂದು ಅಂತ ಓದಿದರೆ ಚಾಲಕರಿಗೆ ಏನೂ ಇಲ್ಲ. ಕಾನೂನಿನ ಮಾತು ಎರಡೂ ಕಡೆ ವಾಲುತ್ತದೆ ಅಂತ ಹೇಳಿ ನ್ಯಾಯಾಧೀಶರು ಚಾಲಕರ ಕಡೆ ತೀರ್ಪು ಕೊಟ್ಟರು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿ ಆಯಿತು. ಒಂದು ಕಾಮಾ!

ಇದನ್ನು ನಾನು ಕನ್ನಡದಲ್ಲಿ ಬರೆದು ನೋಡಿದೆ. "ಸಾಗಣೆಗಾಗಲೀ ವಿತರಣೆಗಾಗಲೀ ಪ್ಯಾಕ್ ಮಾಡುವುದು" ಅಂತ ಒಂದು ಸಲ. "ಸಾಗಣೆಗೆ ಪ್ಯಾಕ್ ಮಾಡುವುದಾಗಲೀ ವಿತರಿಸುವುದಾಗಲೀ" ಅಂತ ಇನ್ನೊಂದು ಸಲ. ಎರಡರಲ್ಲೂ ಒಂದೇ ಒಂದು ಕಾಮಾ ಇಲ್ಲ, ಆದರೂ ಗೊಂದಲ ಇಲ್ಲ. "ಆಗಲೀ" ಯಾವ ಪದದ ಬೆನ್ನಿಗೆ ಅಂಟಿದೆ ನೋಡಿದರೆ ಸಾಕು, ಲೆಕ್ಕ ಮುಗಿಯಿತು.

ಕರಡು ನೋಡುವವ:

ದೂರದೂರಿನವರೇ, ನೀವು ಹೇಳಿದ್ದು ಓದಿ ಮೈ ಜುಮ್ ಅಂದಿತು. ನಾನು ಬಾಲ ಅಂದಿದ್ದು ಇದನ್ನೇ. ಹಾಲೂ ಮೊಸರೂ ಬೆಣ್ಣೆಯೂ ಅಂತ ಬರೆದರೆ ಆ ಊಕಾರವೇ ಕಾಮಾದ ಕೆಲಸ ಮಾಡುತ್ತದೆ. ಬಂದ್ಯಾ ಅಂದರೆ ಪ್ರಶ್ನೆ ಅದರಲ್ಲೇ ಇದೆ, ಕೊಕ್ಕೆ ಹಾಕಿದರೂ ಸರಿ ಬಿಟ್ಟರೂ ಸರಿ. "ಬರ್ತೀನಿ ಅಂತ ಅಂದಳು" ಅನ್ನುವುದರಲ್ಲಿ "ಅಂತ" ಅನ್ನುವುದೇ ಉದ್ಧರಣ ಚಿಹ್ನೆ. ಇಂಗ್ಲಿಷ್ ಬರೆಯುವಾಗ ಆ ಗುರುತುಗಳನ್ನು ಹಾಕಲು ನಮಗೆ ಮರೆತುಹೋಗುವುದು ಇದಕ್ಕೇ ಅಂತ ನನಗೆ ಅನ್ನಿಸುತ್ತದೆ. ನಮಗೆ ಅವು ಪದದ ಒಳಗೇ ಇರುವ ಸಾಮಾನು, ಅವರಿಗೆ ಹೊರಗಿನಿಂದ ಜೋಡಿಸುವ ಸಾಮಾನು.

ಅಷ್ಟೇ ಅಲ್ಲ, ಆ ಬಾಲವನ್ನು ಇಂಗ್ಲಿಷಿಗೂ ಒಯ್ಯುತ್ತೇವೆ. ಅಲ್ಲೇ ಇದ್ದೆ ಅನ್ನುವುದರ ಏಕಾರ "ಐ ವಾಸ್ ದೇರ್ ಓನ್ಲಿ" ಆಗುತ್ತದೆ. ಯಾಕಂದ್ರೆ ಅನ್ನುವುದು "ವೈ ಬಿಕಾಸ್" ಆಗುತ್ತದೆ. ಸುಮ್ನೆ ಬಂದೆ ಅನ್ನುವುದು "ಸಿಂಪ್ಲಿ ಐ ಕೇಮ್" ಆಗುತ್ತದೆ. ಹೊರಗಿನವರಿಗೆ ಇದು ತಪ್ಪು ಅನ್ನಿಸಬಹುದು. ಆಫೀಸಿನ ಪತ್ರದಲ್ಲಿ ಬಂದರೆ ನಾನೂ ತಿದ್ದುತ್ತೇನೆ. ಆದರೆ ಯಾರಾದರೂ ರೈಲಿನಲ್ಲಿ "ವೈ ಬಿಕಾಸ್" ಅಂದರೆ ಎದುರಿನ ಸೀಟಿನಲ್ಲಿ ನಮ್ಮವರು ಇದ್ದಾರೆ ಅಂತ ನನಗೆ ಖುಷಿಯಾಗುತ್ತದೆ.

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಗೆ "ನಕ್ಕು ನಕ್ಕು ಸತ್ತೆ" ಅಂತ ಬಿಡಿಸಿ ಹೇಳಿದೆ. ಹಾಗಾದರೆ ನಗುವನ್ನು ಯಾಕೆ ತೆಗೆದಳು, ಅದನ್ನೇ ಇಟ್ಟುಕೊಳ್ಳಬೇಕಿತ್ತು ಅಂದರು. ಈಗ ಸಮಾಧಾನವಾಗಿದ್ದಾರೆ. ನೋಟಿಸು ತಿದ್ದಿ ಹೊಸದು ಅಂಟಿಸಿದ್ದೇವೆ. ಮಗಳಿಗೆ ನಿನ್ನೆ ರಾತ್ರಿ "ಆಯ್ತು ಕಣೇ" ಅಂತ ಬರೆದು ಚುಕ್ಕಿ ಇಟ್ಟೇ ಕಳಿಸಿದೆ. ಫೋನ್ ಬರಲಿಲ್ಲ, ಎರಡು ಹೃದಯದ ಚಿತ್ರ ಬಂದವು.

ಮಾಸ್ತರೇ, ಇನ್ನೊಂದೇ ಒಂದು ಅನುಮಾನ. ಮೊಮ್ಮಗ ಸ್ಕೂಲಿನಿಂದ ಬಂದಾಗ "ಎಷ್ಟನೇ ಬೆಂಚಿನಲ್ಲಿ ಕೂತಿದ್ದೆ?" ಅಂತ ಇಂಗ್ಲಿಷಿನಲ್ಲಿ ಕೇಳೋಣ ಅಂತ ಹೋದೆ. "ಎಷ್ಟನೇ" ಅನ್ನುವುದಕ್ಕೆ ಪದ ಸಿಗಲಿಲ್ಲ. ಏನದು?

ಹುಬ್ಬಳ್ಳಿ ಮಾಸ್ತರ:

ಅಕ್ಕಾರ, ಅದಕ್ಕೆ ಅವರ ಹತ್ತಿರ ಒಂದೇ ಪದದ ಸಹಜವಾದ ಮಾತು ಇಲ್ಲ. ಎಷ್ಟೋ ಬ್ಯಾಚಿನ ಹುಡುಗರು ನನ್ನನ್ನು ಇದೇ ಕೇಳಿದ್ದಾರೆ. "ಮುಂದಿನಿಂದ ಎಣಿಸಿದರೆ ಯಾವ ಬೆಂಚು" ಅಂತ ಸುತ್ತಿ ಬಳಸಿ ಕೇಳಬೇಕು. ಇಲ್ಲ, ಮೊಮ್ಮಗನ ಹತ್ತಿರ ಕನ್ನಡದಲ್ಲೇ ಕೇಳಿ, ಬೇಗ ಉತ್ತರ ಬರುತ್ತದೆ.