800ಕ್ಕೆ 820 ಕೂಡಿಸಿದ್ರೆ ನರಕೋಶದಲ್ಲಿ 20 ಹರ್ಟ್ಸ್ ಎಲ್ಲಿಂದ ಬರುತ್ತೆ?

ಬಸವನಗುಡಿ_ಸ್ಪೈಕ್:
ಶನಿವಾರದ ಓದುಗುಂಪಿಗೆ ವಿದ್ಯುತ್ ಮೀನಿನ ಪಿ-ಯೂನಿಟ್ (ವಿದ್ಯುತ್ ಅಲೆಯ ಆಂಪ್ಲಿಟ್ಯೂಡ್, ಅಂದ್ರೆ ಎತ್ತರ, ಗ್ರಹಿಸೋ ನರಕೋಶ) ಮಾಡೆಲ್ ಪೈಥಾನಲ್ಲಿ ಬರೀತಿದೀನಿ. ಮೀನು ಹೊರಡಿಸೋ ಸ್ವಂತ ವಿದ್ಯುತ್ ಅಲೆ 800 ಹರ್ಟ್ಸ್, ಪಕ್ಕದ ಮೀನಿಂದು 820, ಎರಡಕ್ಕೂ ಒಂದೇ ಆಂಪ್ಲಿಟ್ಯೂಡ್. ಕೂಡಿಸಿ ಎಫ್‌ಎಫ್‌ಟಿ (ಯಾವ್ಯಾವ ಫ್ರೀಕ್ವೆನ್ಸಿ ಇದೆ ಅಂತ ತೋರಿಸೋ ಲೆಕ್ಕ) ನೋಡಿದ್ರೆ ಎರಡೇ ಗೆರೆ, 20ರಲ್ಲಿ ಸೊನ್ನೆ. ಮೊತ್ತವನ್ನ ಲೋ-ಪಾಸ್ ಮಾಡಿ (ವೇಗದ ಫ್ರೀಕ್ವೆನ್ಸಿ ತಗ್ಗಿಸಿ) ಇಂಟಿಗ್ರೇಟ್-ಅಂಡ್-ಫೈರ್‌ಗೆ (ಇನ್‌ಪುಟ್ ಕೂಡಿಸ್ತಾ ಮಿತಿ ದಾಟಿದಾಗ ಸ್ಪೈಕ್, ಅಂದ್ರೆ ಮಿಡಿತ, ಹೊಡೆಯೋ ಸರಳ ನರಕೋಶ ಮಾಡೆಲ್) ಕೊಟ್ಟೆ. ಬೀಟ್ (ಎರಡರ ವ್ಯತ್ಯಾಸದ 20 ಹರ್ಟ್ಸ್ ಏರಿಳಿತ) ಕಾಣ್ತಾನೇ ಇಲ್ಲ. ತಪ್ಪೆಲ್ಲಿ?

ತಂತಿ_ತಂಬೂರಿ:
ಎಫ್‌ಎಫ್‌ಟಿ ಸರಿಯಾಗೇ ಹೇಳ್ತಿದೆ, ಸಿಗ್ನಲ್‌ನಲ್ಲಿ 20 ಇಲ್ಲವೇ ಇಲ್ಲ. ಇರೋದು ಎನ್ವಲಪ್‌ನಲ್ಲಿ (ಅಲೆಯ ತುದಿಗಳನ್ನ ಸೇರಿಸೋ ಹೊರಗೆರೆ). ಬರೀ ಲೀನಿಯರ್ ಫಿಲ್ಟರ್ ಹೊಸ ಫ್ರೀಕ್ವೆನ್ಸಿ ಹುಟ್ಟಿಸಲ್ಲ. ನೀವು ಮೊದಲೇ ಲೋ-ಪಾಸ್ ಹಾಕಿ ಇದ್ದಬದ್ದದ್ದನ್ನೂ ಅಳಿಸಿಬಿಟ್ರಿ. ಮೊದಲು ಹಾಫ್-ವೇವ್ ರೆಕ್ಟಿಫೈ ಮಾಡಿ (ಋಣ ಭಾಗ ಸೊನ್ನೆ), ಆಮೇಲೆ ಫಿಲ್ಟರ್. ಫಿಲ್ಟರ್‌ನ ಟೈಮ್ ಕಾನ್‌ಸ್ಟೆಂಟ್ (ಅದು ಎಷ್ಟು ನಿಧಾನ ಅನ್ನೋ ಅಳತೆ) 2 ಮಿಲಿಸೆಕೆಂಡ್ ಇಟ್ರೆ 800 ಹತ್ತರಲ್ಲೊಂದು ಪಾಲಿಗೆ ಇಳಿಯುತ್ತೆ, 20 ಶೇ. 97 ಉಳಿಯುತ್ತೆ. ಎಸ್.ಪಿ. ರೋಡಲ್ಲಿ ಸಿಗೋ ಡಯೋಡ್-ಕೆಪಾಸಿಟರ್ ಹಾಕಿ ಎಎಂ ರೇಡಿಯೋ ಮಾಡೋದೂ ಇದೇ ಕೆಲಸ. ನಮ್ಮ ಕಿವಿಯಲ್ಲಿ ಧ್ವನಿ ಹಿಡಿಯೋ ಹೇರ್ ಸೆಲ್ಲೂ ಅಷ್ಟೆ. ಅದಕ್ಕೇ ತಂಬೂರಿಯ ಎರಡು ಷಡ್ಜದ ತಂತಿ ಸ್ವಲ್ಪ ತಪ್ಪಿದ್ರೂ ನಾದ ತೂಗಾಡೋದು ಕೇಳುತ್ತೆ.

ಇನ್ನೊಂದು. ಒಂದೇ ಆಂಪ್ಲಿಟ್ಯೂಡ್ ಬೇಡ. ಎನ್ವಲಪ್ ಪ್ರತಿ 50 ಮಿಲಿಸೆಕೆಂಡಿಗೆ ಸೊನ್ನೆ ಮುಟ್ಟಿ ನರಕೋಶ ಆಗಾಗ ಮೌನವಾಗುತ್ತೆ. ಎರಡನೇ ಅಲೆ 0.1 ಇಡಿ, ಎನ್ವಲಪ್ 0.9ರಿಂದ 1.1ರ ಮಧ್ಯೆ ಆಡುತ್ತೆ.

ಆಸಿಲೋಸ್ಕೋಪ್_ಅಣ್ಣ:
ಫೈರಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸ್ಪೈಕ್) ತೆಗೆಯೋವಾಗ ಸ್ಪೈಕ್‌ಗಳನ್ನ ನಯ ಮಾಡೋ ಗಾಸಿಯನ್‌ನ (ಗಂಟೆಯಾಕಾರದ ಗೆರೆ) ಅಗಲ, ಅಂದ್ರೆ ಸಿಗ್ಮಾ, ನೋಡ್ಕೊಳ್ಳಿ. ಸಿಗ್ಮಾ 5 ಮಿಲಿಸೆಕೆಂಡ್ ಇದ್ರೆ 20 ಹರ್ಟ್ಸ್ ಬೀಟ್ ಶೇ. 82 ಉಳಿಯುತ್ತೆ, 100 ಹರ್ಟ್ಸ್ ಬೀಟ್ ಶೇ. 1ಕ್ಕಿಂತ ಕಮ್ಮಿ. ಆಮೇಲೆ 'ನರಕೋಶ ವೇಗದ ಬೀಟ್ ಕೋಡ್ ಮಾಡಲ್ಲ' ಅಂತ ಬರೆಯೋರಿದ್ದಾರೆ! ಸಿಗ್ಮಾ 1 ಸಾಕು. ನಿಜವಾದ ರೆಕಾರ್ಡಿಂಗ್‌ಗೆ ಕೈ ಹಾಕಿದ್ರೆ ಗೋಡೆ ಪ್ಲಗ್ಗಿನ 50 ಹರ್ಟ್ಸ್ ಹಾರ್ಮೋನಿಕ್ (50ರ ಗುಣಕಗಳು) ಬಗ್ಗೆ ಎಚ್ಚರ. ಮೀನು 704ರಲ್ಲಿದ್ರೆ 700ರ ಹಾರ್ಮೋನಿಕ್ ಸೇರಿ 4 ಹರ್ಟ್ಸ್‌ನ ಕಳ್ಳ ಬೀಟ್ ಬರುತ್ತೆ.

ಬಸವನಗುಡಿ_ಸ್ಪೈಕ್:
ರೆಕ್ಟಿಫೈ ಮಾಡಿದೆ, 20 ಬಂತು, ಥ್ಯಾಂಕ್ಸ್. ಆದ್ರೆ 780 ಕೊಟ್ರೂ ಅದೇ ಬರುತ್ತೆ. ಪಕ್ಕದ ಮೀನು ಮೇಲಿದೆಯೋ ಕೆಳಗೋ ಹೇಗೆ ಗೊತ್ತಾಗುತ್ತೆ? 1580 ಕೊಟ್ರೆ ಏನೂ ಇಲ್ಲ, ನಿಜದ ಮೀನಲ್ಲಿ ಅಲ್ಲೂ ನಿಧಾನದ ಬೀಟ್ ಇರುತ್ತಂತಲ್ಲ?

ತಂತಿ_ತಂಬೂರಿ:
ಒಂದೇ ಪಿ-ಯೂನಿಟ್‌ನಿಂದ ಗೊತ್ತಾಗಲ್ಲ, ಆಂಪ್ಲಿಟ್ಯೂಡ್ ಎರಡರಲ್ಲೂ ಒಂದೇ ಥರ ಏರಿಳಿಯುತ್ತೆ. ಐಗನ್‌ಮ್ಯಾನಿಯಾ ಅನ್ನೋ ವಿದ್ಯುತ್ ಮೀನಲ್ಲಿ ಟಿ-ಯೂನಿಟ್ ಅನ್ನೋ ಬೇರೆ ನರಕೋಶಗಳು ಸುತ್ತಿಗೊಂದು ಸ್ಪೈಕ್ ಹೊಡೆದು ಫೇಸ್ (ಅಲೆ ಸುತ್ತಿನ ಯಾವ ಹಂತದಲ್ಲಿದೆ ಅನ್ನೋದು) ಹಿಡೀತವೆ. ಮೈಯ ಬೇರೆ ಬೇರೆ ಜಾಗದ ಫೇಸ್ ವ್ಯತ್ಯಾಸವನ್ನ ಪಿ-ಯೂನಿಟ್‌ನ ಆಂಪ್ಲಿಟ್ಯೂಡ್ ಜತೆ ಗ್ರಾಫ್ ಹಾಕಿದ್ರೆ ಚಿತ್ರ ಒಂದು ದಿಕ್ಕಿಗೆ ಸುತ್ತುತ್ತೆ. ವ್ಯತ್ಯಾಸದ ಚಿಹ್ನೆ (ಮೇಲಿನ ಬದಲು ಕೆಳಗೆ) ಬದಲಾದ್ರೆ ಉಲ್ಟಾ. ಪಕ್ಕದ ಮೀನಿಂದ ದೂರ ಹೋಗೋಕೆ ತನ್ನ ಫ್ರೀಕ್ವೆನ್ಸಿ ಯಾವ ಕಡೆ ಸರಿಸಬೇಕು ಅಂತ ಮೀನು ತೀರ್ಮಾನಿಸೋದು ಇದರ ಮೇಲೇ.

1580 ಸ್ವಾರಸ್ಯದ ಪ್ರಶ್ನೆ. ವ್ಯತ್ಯಾಸ 780, ಸ್ವಂತ ಅಲೆಯ ಪ್ರತಿ ಸುತ್ತಿಗೊಮ್ಮೆ ಸ್ಯಾಂಪಲ್ ಮಾಡಿದ್ರೆ ಅದು ಮಡಚಿ 20 (800ರಲ್ಲಿ 780 ಕಳೆದಷ್ಟು) ಆಗುತ್ತೆ. ಆದ್ರೆ ಹಾಫ್-ವೇವ್ ರೆಕ್ಟಿಫೈ ಅಂದ್ರೆ ಸಣ್ಣ ಎರಡನೇ ಅಲೆಯನ್ನ 800ರ ಚೌಕ ಅಲೆಯಿಂದ ಗುಣಿಸಿದ ಹಾಗೆ. ಚೌಕ ಅಲೆಯಲ್ಲಿ 1600ರ ಹಾರ್ಮೋನಿಕ್ ಇಲ್ಲ, ಹಾಗಾಗಿ 20 ಹುಟ್ಟಲ್ಲ. ರೆಕ್ಟಿಫೈ ಮಾಡಿದ್ದನ್ನ ಘನ ಮಾಡಿ ನೋಡಿ.

ಬಸವನಗುಡಿ_ಸ್ಪೈಕ್:
ಘನ ಮಾಡಿದೆ. ಬಂತು!