ಲೂಡೆರಿಟ್ಜ್‌ನಲ್ಲಿ ಒಂದೇ ದಿನ: ಕೋಲ್ಮನ್ಸ್‌ಕೋಪ್ ನೋಡಿ ಬಂದವರು ಹೇಳಿ

ಕೇಳಿದವರು: ನಮ್ಮ ಹಡಗು ನಮೀಬಿಯಾದ ಲೂಡೆರಿಟ್ಜ್ ಬಂದರಿನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. 1956ರಲ್ಲಿ ಜನ ಪೂರ್ತಿ ಬಿಟ್ಟುಹೋದ ವಜ್ರದೂರು ಕೋಲ್ಮನ್ಸ್‌ಕೋಪ್‌ಗೆ, ಮಂಡಿನೋವಿರುವ ಅತ್ತೆಯವರೊಂದಿಗೆ, ಹಡಗಿನವರ ಬಸ್ಸಿನಲ್ಲಿ ಹೋಗುವುದು ಮೇಲೋ ಟ್ಯಾಕ್ಸಿಯೋ?

ಬಸ್ಸಿನಲ್ಲಿ ಹೋದವನು: ತಲೆಗೆ 89ರಂತೆ ಇಬ್ಬರಿಗೆ 178 ಅಮೆರಿಕನ್ ಡಾಲರ್ ತೆತ್ತೆವು. ಗಾಳಿ ಎಷ್ಟಿತ್ತೆಂದರೆ, ದಡಕ್ಕೆ ಒಯ್ಯುವ ಚಿಕ್ಕ ದೋಣಿಗಳು ಎರಡು ಗಂಟೆ ಹೊರಡಲೇ ಇಲ್ಲ. ಬಂದರಿನಿಂದ ಕಾಲು ಗಂಟೆಯ ದಾರಿಯಾದರೂ ನಾವು ಗೇಟು ಮುಟ್ಟಿದಾಗ 11:40 ಆಗಿತ್ತು, ಒಂದು ಗಂಟೆಗೆ ಮುಚ್ಚಿಯೇಬಿಟ್ಟರು. ಇದ್ದ ಹೊತ್ತಿನಲ್ಲೂ ಅರ್ಧ ಮಂಜುಗಡ್ಡೆ ಕಾರ್ಖಾನೆಯ ವಿವರಣೆಗೇ ಹೋಯಿತು. ಒಂದು ಡಾಲರೂ ಹಿಂದಿರುಗಲಿಲ್ಲ.

ಟ್ಯಾಕ್ಸಿ ಹಿಡಿದವನು: ಬಸ್ಸಿಗೆ ದುಡ್ಡು ಸುರಿದು ಆಮೇಲೆ ಗಾಳಿಯನ್ನು ದೂರುವವರನ್ನು ಕಂಡರೆ ನಗು ಬರುತ್ತದೆ. ನಾವು ನಾಲ್ವರು ದಕ್ಷಿಣ ಆಫ್ರಿಕಾದ 600 ರ‍್ಯಾಂಡಿಗೆ ಟ್ಯಾಕ್ಸಿ ಮಾತಾಡಿಕೊಂಡು (ರ‍್ಯಾಂಡಿಗೂ ನಮೀಬಿಯಾ ಡಾಲರಿಗೂ ಒಂದೇ ಬೆಲೆ), ಪರವಾನಗಿಯನ್ನು ಗೇಟಿನಲ್ಲೇ ಕೊಂಡು, ಮೂರು ಗಂಟೆ ಸುತ್ತಿದೆವು. ಒಂದು ಮನೆಯ ಒಳಬಾಗಿಲು ಅರ್ಧ ತೆರೆದಂತೆಯೇ ಮರಳಿನಲ್ಲಿ ಹೂತು ನಿಂತಿತ್ತು. ಅಲ್ಲಿ ಲೆನ್ಸ್ ಬದಲಿಸಿದ್ದೊಂದೇ ತಪ್ಪು. ತಿರುಗಿಸಿದರೆ ಕರಕರ ಎನ್ನತೊಡಗಿ, ಬೆಂಗಳೂರಿನಲ್ಲಿ ರಿಪೇರಿಗೆ 11,300 ರೂಪಾಯಿ ಕೊಟ್ಟರೂ ಆಟೊಫೋಕಸ್ ಇಂದಿಗೂ ಸರಿಹೋಗಿಲ್ಲ. ಅಷ್ಟು ದೂರ ಹೋಗಲಾಗದವರು ನಮ್ಮ ಕೆಜಿಎಫ್ ನೋಡಬಹುದು, ಅದೂ ಹೀಗೆಯೇ ಪಾಳುಬಿದ್ದ ಊರು.

ಚಾಂಪಿಯನ್ ರೀಫ್‌ನವನು: ನಮ್ಮ ಚಾಂಪಿಯನ್ ರೀಫ್ ಇರುವುದೇ ಕೆಜಿಎಫ್‌ನಲ್ಲಿ, ಅದು ಪಾಳುಬಿದ್ದಿಲ್ಲ ಸ್ವಾಮಿ. 2001ರಲ್ಲಿ ಮುಚ್ಚಿದ್ದು ಗಣಿಯನ್ನು, ಊರನ್ನಲ್ಲ. ನಮ್ಮ ತಾಯಿ ಈಗಲೂ ಅಲ್ಲಿನ ಲೈನ್ ಮನೆಯಲ್ಲೇ ಇದ್ದಾರೆ. ನಮ್ಮ ತಂದೆಯವರು ನೆಲದಡಿ ಕಿಲೋಮೀಟರುಗಟ್ಟಲೆ ಆಳಕ್ಕೆ ಇಳಿದು ದುಡಿದವರು, ಕೋಲ್ಮನ್ಸ್‌ಕೋಪ್‌ನಲ್ಲಿ ಮೊದಮೊದಲು ವಜ್ರವನ್ನು ಮರಳಿನ ಮೇಲಿಂದಲೇ ಆಯ್ದರು. ನಾನೂ ಅಲ್ಲಿಗೆ ಹೋಗಿದ್ದೇನೆ, ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಎಂಬುದು ಮುಖ್ಯವಲ್ಲ. ನನಗೆ ಊರಿನ ನೆನಪು ತಂದದ್ದು ಒಂದೇ ಸಂಗತಿ: 1908ರಲ್ಲಿ ಮೊದಲ ವಜ್ರವನ್ನು ಕಂಡ ರೈಲು ಕೂಲಿ ಜಕಾರಿಯಸ್ ಲೆವಾಲಾಗೆ ಬಹುಮಾನ ದಕ್ಕಲಿಲ್ಲ, ಅವನಿಂದ ಅದನ್ನು ಪಡೆದ ಮೇಲಧಿಕಾರಿ ಆಗಸ್ಟ್ ಸ್ಟೌಖ್ ಸಿರಿವಂತನಾದ. ಮಂಜುಗಡ್ಡೆ, ಬೌಲಿಂಗ್ ಅಂಕಣಗಳ ಬಗ್ಗೆ ಅರ್ಧ ಗಂಟೆ ಹೇಳಿದ ಮಾರ್ಗದರ್ಶಿ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು.

ಬಸ್ಸಿನಲ್ಲಿ ಹೋದವನು: ಕೆಜಿಎಫ್ ಮಾತು ತೆಗೆದದ್ದು ನಾನಲ್ಲ, ಲೆನ್ಸ್ ಹಾಳುಮಾಡಿಕೊಂಡ ಜಾಣರು. ಗಾಳಿಯಲ್ಲಿ ಕ್ಯಾಮೆರಾ ಬಿಚ್ಚುವವರು ಇನ್ನೊಬ್ಬರ ಖರ್ಚನ್ನು ನೋಡಿ ನಗಬಾರದು. ನನ್ನ ಹೆಂಡತಿಗೂ ಮಂಡಿನೋವು. ಮರಳಿನಲ್ಲಿ ಹತ್ತು ಹೆಜ್ಜೆ ಹೂತ ಮೇಲೆ ಹಿಂದಿರುಗಿ, ಕಾಫಿ ಕುಡಿಯುತ್ತಾ ಕುಳಿತಳು.

ಟ್ಯಾಕ್ಸಿ ಹಿಡಿದವನು: ಬಿಚ್ಚಿದ್ದು ಗಾಳಿಯಲ್ಲಲ್ಲ, ಮನೆಯೊಳಗೆ, ಕಿಟಕಿಗೆ ಬೆನ್ನು ಕೊಟ್ಟು. ಅಲ್ಲಿ ಒಳಗೂ ಮರಳು ಹಾರುತ್ತದೆ. ನೀವು ಒಳಗೆ ಹೋಗಿದ್ದರೆ ತಿಳಿಯುತ್ತಿತ್ತು.